ಮುಗಿಲಿನ ನಡುವಿನ ನೀಲಿ

ಸೆಪ್ಟೆಂಬರ್ ಕೊನೆಗೆ ಮಳೆ ಹಿಂದೆ ಸರಿಯತೊಡಗಿತೆಂದರೆ ಮುಂಬಯಿಯ ಮರೀನ್ ಡ್ರೈವ್ ಕಟ್ಟೆಯ ಮೇಲೆ ಟ್ರೈಪಾಡ್‌ಗಳು ಕಾಣಿಸಿಕೊಳ್ಳುತ್ತವೆ. ಗಾಳಿಯ ಧೂಳು ತೊಳೆದುಹೋಗಿರುತ್ತದೆ. ತಿಳಿನೀಲಿ ಬಾನಿನಲ್ಲಿ ಹಿಂಜಿದ ಅರಳೆಯಂಥ ಮೋಡ. ಕಣ್ಣು ತುಂಬುವ ಈ ನೋಟ ಫೋಟೊದಲ್ಲಿ ಮಾತ್ರ ಸಪ್ಪೆಯಾಗಿ ಬರುವುದುಂಟು. ಲೆನ್ಸಿನ ಮೂತಿಗೆ ಕೂರಿಸುವ ಫಿಲ್ಟರ್ ನೆರವಿಗೆ ಬರುವುದು ಆಗಲೇ. ಅದು ಮೋಡವನ್ನು ಮುಟ್ಟುವುದೇ ಇಲ್ಲ, ಸುತ್ತಲಿನ ನೀಲಿಯನ್ನು ಗಾಢವಾಗಿಸುತ್ತದೆ. ಬಿಳಿ ತಾನಾಗಿಯೇ ಎದ್ದು ನಿಲ್ಲುತ್ತದೆ.

ಇದು ಹಳೆಯ ತೊಡಕು. ಮೊದಮೊದಲಿನ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕೆಂದರೆ ಅತಿ ಸಲಿಗೆ. ಬಾನು, ಮೋಡ ಎರಡೂ ಒಂದೇ ಬಿಳುಪು. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಮುಗಿಲಿಗೊಂದು ನೆಗೆಟಿವ್ ಬಳಸಿ ಒಂದೇ ಕಾಗದದ ಮೇಲೆ ಮುದ್ರಿಸಿದ. ಮುಂದೆ ಎಲ್ಲ ಬಣ್ಣ ಗ್ರಹಿಸುವ ಫಿಲ್ಮ್ ಬಂದ ಮೇಲೆ ಬಣ್ಣದ ಗಾಜಿಗೆ ಬೆಲೆ ಬಂತು. ಹಳದಿ ಹಾಕಿದರೆ ನೀಲಿ ತುಸು ಕಂದುತ್ತದೆ, ಕೆಂಪು ಹಾಕಿದರೆ ಕಪ್ಪಾಗುವಷ್ಟು. 1927ರಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸ್ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿಯಲ್ಲಿ ತೆಗೆದು, ತೃಪ್ತಿಯಾಗದೆ, ಉಳಿದಿದ್ದ ಕಟ್ಟಕಡೆಯ ಪ್ಲೇಟಿಗೆ ಕೆಂಪು ಫಿಲ್ಟರ್ ಹಾಕಿದ. ಆ ಕಡುಗಪ್ಪು ಆಕಾಶ ಲೋಕಪ್ರಸಿದ್ಧವಾಯಿತು. ಹತ್ತು ವರ್ಷದ ನಂತರ, 1937ರಲ್ಲಿ, ಮುಂಬಯಿಯಲ್ಲಿ ಫೋಟೊಗ್ರಾಫಿಕ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿದ್ದೂ ಕಪ್ಪು-ಬಿಳುಪಿನ ಆ ಕಾಲದಲ್ಲೇ.

ಬಣ್ಣದ ಗಾಜಿನ ಕೆಲಸವನ್ನು ಈಗ ಕಂಪ್ಯೂಟರ್ ಮಾಡಿಕೊಡುತ್ತದೆ. ಪೋಲರೈಸರ್‌ನ ಮಾತು ಬೇರೆ.

ಸೂರ್ಯನಿಗೆ ಲಂಬವಾಗಿರುವ ಆಕಾಶದಿಂದ ಬರುವ ನೀಲಿ ಬೆಳಕು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಮೋಡದ ಹನಿಗಳಿಂದ ಚದುರಿದ್ದು ಹಾಗಲ್ಲ. ಪೋಲರೈಸರ್ ಮೊದಲನೆಯದನ್ನು ತಡೆದು ಎರಡನೆಯದನ್ನು ಬಿಡುತ್ತದೆ. ಎಲ್ಲಿಗೆ ಗುರಿಯಿಡಬೇಕೆಂದು ತಿಳಿಯಲು ಕೈಯೇ ಸಾಕು. ತೋರುಬೆರಳನ್ನು ಸೂರ್ಯನತ್ತ ಚಾಚಿ, ಹೆಬ್ಬೆರಳನ್ನು ಅಡ್ಡ ಬಿಡಿಸಿ, ಮಣಿಕಟ್ಟು ತಿರುಗಿಸಿದರೆ ಹೆಬ್ಬೆರಳು ತೋರಿಸುವ ಬಾನೆಲ್ಲ ಫಿಲ್ಟರಿಗೆ ಒಲಿಯುವ ಬಾನು. ಸಂಜೆ ಮರೀನ್ ಡ್ರೈವ್‌ನಲ್ಲಿ ಸೂರ್ಯ ಪಶ್ಚಿಮದ ಕಡಲ ಮೇಲಿರುವಾಗ ಹೆಬ್ಬೆರಳು ದಕ್ಷಿಣದ ನಾರಿಮನ್ ಪಾಯಿಂಟ್ ಕಡೆ ಹೋಗುತ್ತದೆ. ಎಲ್ಲರೂ ಮುಳುಗುವ ಸೂರ್ಯನತ್ತ ಮುಖ ಮಾಡಿದ ಹೊತ್ತಿನಲ್ಲಿ ಫಿಲ್ಟರ್ ಬಲ್ಲವರ ಕ್ಯಾಮೆರಾ ಆ ಕಟ್ಟಡಗಳತ್ತ ತಿರುಗಿರುತ್ತದೆ. ತೀರಾ ಅಗಲದ ಲೆನ್ಸ್ ಬೇಡ. ಬಾನಿನ ಒಂದು ಪಟ್ಟಿ ಮಾತ್ರ ಕಪ್ಪಿಟ್ಟು ಚಿತ್ರ ಕೆಡುತ್ತದೆ.

ಜುಲೈಯ ಬೂದುಬಣ್ಣದ ಮುಸುಕಿಗೆ ಪೋಲರೈಸರ್ ಸೋಲುತ್ತದೆ, ಗಾಢವಾಗಿಸಲು ನೀಲಿಯೇ ಇಲ್ಲವಲ್ಲ! ಆಗ ಬೇಕಾದದ್ದು ಮೇಲರ್ಧ ಮಾತ್ರ ಮಬ್ಬಾಗಿರುವ ಗ್ರ್ಯಾಜುಯೇಟೆಡ್ ಫಿಲ್ಟರ್. ಬಾನಿನ ಬೆಳಕು ತಗ್ಗಿ, ನೆಲದ ಬೆಳಕಿಗೆ ಹೊಂದಿ, ಕಾರ್ಮೋಡದ ಪದರಗಳು ಕಾಣುತ್ತವೆ. ಬರೀ ಕಡಲಂಚಿಗೆ ಗೆರೆ ಕೊರೆದಂಥ ಗಾಜು ಸೊಗಸು. ಬಾಂದ್ರಾ ಕೋಟೆಯಿಂದ ಸೀ ಲಿಂಕ್ ತೆಗೆಯುವಾಗ ಮಾತ್ರ ಅದು ಮೋಸ ಮಾಡುತ್ತದೆ: 2009ರಲ್ಲಿ ಸಂಚಾರಕ್ಕೆ ತೆರೆದ ಆ ಸೇತುವೆಯ ಗೋಪುರಗಳ ತಲೆಯೂ ಕಪ್ಪಾಗಿಬಿಡುತ್ತದೆ. ಅಲ್ಲಿಗೆ ಮೆಲ್ಲಗೆ ಮಬ್ಬು ಕರಗುವ ಗಾಜೇ ಸರಿ.

ಇನ್ನು ಈ ಊರಿನ ಗಾಳಿ. ಅಲೆಯ ತುಂತುರು ಗಾಜಿನ ಮೇಲೆ ಒಣಗಿ ಉಪ್ಪಿನ ಪೊರೆಯಾಗುತ್ತದೆ; ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಖಚಿತ. ಮೊದಲು ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಉಪ್ಪು ಕರಗಿಸಿ, ಆಮೇಲೆ ಒರೆಸಬೇಕು. ಮಳೆಗಾಲದ ತೇವಕ್ಕೆ ಫಂಗಸ್ ಹಿಡಿಯದಂತೆ ಫಿಲ್ಟರುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಅಕ್ಟೋಬರಿನ ಮೋಡಗಳಿಗೆ ಅವು ಸಿದ್ಧವಾಗಿರುತ್ತವೆ.