ಶಾಲೆಯ ಕಿಟಕಿಗೊಂದು ಹೊಂಗೆ ಮರ

ನಮ್ಮೂರ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಎರಡು ಹೊಂಗೆ, ಒಂದು ಬೇವಿನ ಮರ ಇವೆ. ಹೋದ ಬೇಸಿಗೆಯಲ್ಲಿ ಇವನ್ನು ಕಡಿಸಿ ಸಿಮೆಂಟು ಹಾಕಿಸೋಣ ಅಂತ ಶಾಲಾ ಸಮಿತಿಯಲ್ಲಿ ಮಾತು ಬಂತು. 'ಎಲೆ ಉದುರಿ ಕಸ ಆಗುತ್ತೆ, ಮಕ್ಕಳು ಪಾಠ ಬಿಟ್ಟು ಅಳಿಲು ನೋಡ್ತಾ ಕೂರ್ತವೆ' ಅನ್ನೋದು ದೂರು. ನನ್ನ ಮೊಮ್ಮಗನೂ ಅಲ್ಲೇ ಓದೋದು. ಮರದಿಂದ ಮಕ್ಕಳ ಗಮನ ಕೆಡುತ್ತದೋ, ಸುಧಾರಿಸುತ್ತದೋ ಎಂದು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನು ನನಗೆ ತಿಳಿದಂತೆ ಬರೆದಿದ್ದೇನೆ.

ಗಮನದಲ್ಲಿ ಎರಡು ಬಗೆ. ಲೆಕ್ಕ ಮಾಡುವಾಗ ಮನಸ್ಸನ್ನು ಬಿಗಿಹಿಡಿದು ಒಂದೇ ಕಡೆ ನಿಲ್ಲಿಸಬೇಕು. ಇದು ದಣಿಯುತ್ತದೆ. ಎಲೆ ಅಲ್ಲಾಡೋದು, ಹಕ್ಕಿ ಕೂರೋದು ನೋಡಲು ಶ್ರಮವಿಲ್ಲ, ಮನಸ್ಸು ತಾನಾಗಿ ಹೋಗುತ್ತೆ. ಆ ಹೊತ್ತಿನಲ್ಲಿ ದಣಿದ ಗಮನ ಸುಧಾರಿಸಿಕೊಳ್ಳುತ್ತದೆ. ಅಮೆರಿಕದ ರೇಚಲ್ ಮತ್ತು ಸ್ಟೀಫನ್ ಕಪ್ಲನ್ ದಂಪತಿ 1989ರ ತಮ್ಮ ಪುಸ್ತಕದಲ್ಲಿ ಈ ವಿಚಾರ ಹೇಳಿದ್ದಾರೆ.

ರೈತರಿಗೆ ಇದು ಹೊಸದಲ್ಲ. ಮುಂಜಾನೆ ಹೂಡಿದ ಎತ್ತು ಹೊತ್ತೇರಿದ ಮೇಲೆ ಸಾಲು ತಪ್ಪುತ್ತೆ. ಬಾರುಕೋಲು ಬೀಸಿದರೆ ನಾಲ್ಕು ಹೆಜ್ಜೆ ನೆಟ್ಟಗೆ ಹೋದೀತು, ಮತ್ತೆ ಅದೇ. ನೊಗ ಇಳಿಸಿ ನೆರಳಿಗೆ ಕಟ್ಟಿದರೇನೇ ಸರಿಹೋಗೋದು.

ಇಲಿನಾಯ್ ವಿಶ್ವವಿದ್ಯಾಲಯದವರ 2018ರ ಅಧ್ಯಯನದಲ್ಲಿ ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಹತ್ತು ವಾರ ಕೆಲವು ಪಾಠ ಹಸಿರಿನ ನಡುವೆ, ಕೆಲವು ಕೋಣೆಯೊಳಗೆ ನಡೆದವು. ಹೊರಗಿನ ಪಾಠ ಮುಗಿಸಿ ಒಳಗೆ ಕೂತ ಮೇಲೆ, 'ಇಲ್ಲಿ ನೋಡು, ಸುಮ್ಮನಿರು' ಎಂದು ಶಿಕ್ಷಕರು ಪಾಠ ನಿಲ್ಲಿಸಬೇಕಾದದ್ದು ಸುಮಾರು ಅರ್ಧಕ್ಕೆ ಇಳಿಯಿತು. ನೋಡಿದ್ದು ಎರಡೇ ತರಗತಿ, ಅದನ್ನೂ ಹೇಳಬೇಕು.

2016ರ ಇನ್ನೊಂದು ಅಧ್ಯಯನದಲ್ಲಿ 94 ಹೈಸ್ಕೂಲು ಮಕ್ಕಳನ್ನು ಮೂರು ಬಗೆಯ ಕೋಣೆಗಳಲ್ಲಿ ಕೂರಿಸಿದರು: ಕಿಟಕಿ ಇಲ್ಲದ್ದು, ಕಿಟಕಿಯಿಂದ ಬರೀ ಗೋಡೆ ಕಟ್ಟಡ ಕಾಣುವುದು, ಹಸಿರು ಕಾಣುವುದು. ಕೆಲಸ ಕೊಟ್ಟು, ಹತ್ತು ನಿಮಿಷ ಬಿಡುವು ಕೊಟ್ಟ ಮೇಲೆ ಪರೀಕ್ಷಿಸಿದಾಗ ಹಸಿರು ಕಂಡವರ ಗಮನ ಮಾತ್ರ ಚೇತರಿಸಿತ್ತು. ಬೋಳು ಕಿಟಕಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬಿಡುವಿಗೆ ಮುಂಚೆ ಮೂವರಲ್ಲೂ ವ್ಯತ್ಯಾಸವಿರಲಿಲ್ಲ. ಅಂದರೆ ಮರವೂ ಬೇಕು, ಬಿಡುವೂ ಬೇಕು.

ಸಮಿತಿಯಲ್ಲಿ ಇದನ್ನೇ ಹೇಳಿದೆ. ಪಾಠದ ನಡುವೆ ಅಳಿಲು ನೋಡುವ ಹುಡುಗನಿಗೆ ಆ ಪಾಠ ತಪ್ಪುವುದು ನಿಜ. ಆದರೆ ಅವನು ದಣಿದಿದ್ದಾನೆ ಅಂತಲೂ ತಿಳೀಬೇಕಲ್ಲವೆ? ಹೆಂಚಿಗೆ ತಾಗುತ್ತಿದ್ದ ಕೊಂಬೆಯನ್ನಷ್ಟೇ ಕಡಿಸಿ ಮರ ಉಳಿಸಿಕೊಂಡೆವು. ಊಟದ ನಂತರದ ಒಂದು ಪಾಠ ಈಗ ಮರದಡಿ. ಎಲ್ಲರಿಗೂ ಮಗ್ಗಿ ಬಂದುಬಿಟ್ಟಿತು ಅಂತೇನಿಲ್ಲ, ಆದರೆ ಮಕ್ಕಳು ತೂಕಡಿಸೋದು ಕಡಿಮೆಯಾಗಿದೆ ಅಂತಾರೆ ಟೀಚರ್.

ನಿಮ್ಮೂರ ಶಾಲೆ ಬೋಳಾಗಿದ್ದರೆ ಮುಂಗಾರಿನಲ್ಲಿ ಹೊಂಗೆ ಹಾಕಿ. ಎರಡಡಿ ಗುಂಡಿ, ಕೊಟ್ಟಿಗೆ ಗೊಬ್ಬರ, ಸುತ್ತ ಮುಳ್ಳು ಸಾಕು. ದನ, ಮೇಕೆ ಅಷ್ಟಾಗಿ ಮುಟ್ಟಲ್ಲ. ಬೇಸಿಗೆಗೆ ಸರಿಯಾಗಿ ಹೊಸ ಚಿಗುರಿನ ನೆರಳು ಕೊಡುತ್ತೆ. ಗೋಡೆಯಿಂದ ದೂರವಿರಲಿ, ಆದರೆ ಕಿಟಕಿಯಿಂದ ಕಾಣುವ ಹಾಗಿರಲಿ. ರಜೆಯಲ್ಲಿ ನೀರು ಹಾಕುವವರು ಯಾರು ಅಂತ ನೆಡುವ ದಿನವೇ ಗೊತ್ತುಮಾಡಿಕೊಳ್ಳಿ. ಸಾಮಾನ್ಯವಾಗಿ ಶಾಲೆಯ ಗಿಡ ಒಣಗೋದು ಅಲ್ಲೇ.