ಹೊರನಾಡಿನಲ್ಲಿ ಅಚ್ಚಾದ ಆಟಗಾರರ ಚಿತ್ರಗಳು

ಹಳಗನ್ನಡದಲ್ಲಿ ‘ಪೊಳಲ್’ ಎಂಬ ಶಬ್ದಕ್ಕೆ ಪಟ್ಟಣವೆಂದು ಅರ್ಥ. ಬಂಟ್ವಾಳ ತಾಲೂಕಿನಲ್ಲಿ ಫಲ್ಗುಣಿ ನದಿಯ ತೀರದಲ್ಲಿರುವ ಪೊಳಲಿಯ ಹೆಸರಿನಲ್ಲಿ ಆ ಪ್ರಾಚೀನ ಶಬ್ದದ ದನಿ ಇನ್ನೂ ಕೇಳಿಸುತ್ತದೆ. ಮೃಣ್ಮಯ ಮೂರ್ತಿಯಾದ ಶ್ರೀ ರಾಜರಾಜೇಶ್ವರಿಯ ಸನ್ನಿಧಿಯಿಂದ ಈ ಸ್ಥಳವು ಎಷ್ಟು ಪ್ರಸಿದ್ಧವೋ, ಜಾತ್ರೆಯ ಕಾಲದ ಚೆಂಡಾಟದಿಂದಲೂ ಅಷ್ಟೇ ಪ್ರಸಿದ್ಧ. ತುಳುವರು ಇದನ್ನು ‘ಪುರಲ್ದ ಚೆಂಡು’ ಎನ್ನುವರು. ಸುಮಾರು ಒಂದು ತಿಂಗಳು ನಡೆಯುವ ಜಾತ್ರೆಯ ಕೊನೆಯ ಭಾಗದಲ್ಲಿ, ಮೂಡುಬಿದಿರೆಯ ಚರ್ಮಕಾರರ ಮನೆತನದವರು ಹೊಲಿದುಕೊಟ್ಟ ತೊಗಲಿನ ಚೆಂಡನ್ನು ಗದ್ದೆಗೆ ತಂದು ಐದು ದಿನಗಳ ಕಾಲ ಊರವರು ಆಡುವರು. ಆಟವೇ ಇಲ್ಲಿ ದೇವಿಯ ಸೇವೆ; ಆದಕಾರಣ ಆಡಿದವನ ಹೆಸರಿಗೆ ಪ್ರತ್ಯೇಕವಾದ ಮಹತ್ತ್ವವಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಆಟವು ಬೇರೊಂದು ದಾರಿ ಹಿಡಿಯಿತು. ಅಲ್ಲಿ ಆಟಗಾರನ ಮುಖವೇ ಕಾಗದದ ಮೇಲೆ ಅಚ್ಚಾಗಿ ಅಂಗಡಿಗೆ ಬಂದಿತು. ಅಂಗಡಿಯಿಂದ ಕಡಲು ದಾಟಿ ಅನ್ಯದೇಶಗಳಿಗೂ ಹೋಯಿತು. ಹಾಗೆ ಹೊರನಾಡಿನಲ್ಲಿ ಪ್ರಕಟವಾದ ಚಿತ್ರಕಾರ್ಡುಗಳ ಸಂಗ್ರಹವೇ ಪ್ರಕೃತ ವಿಷಯ.

ಈ ಕಾರ್ಡುಗಳ ಉತ್ಪತ್ತಿ ಬಹು ಲೌಕಿಕವಾದುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಿಗರೇಟುಗಳನ್ನು ತೆಳು ಕಾಗದದ ಪೊಟ್ಟಣದಲ್ಲಿ ಮಾರುತ್ತಿದ್ದರು. ಪೊಟ್ಟಣ ಮುದುಡಿ ಸಿಗರೇಟು ಮುರಿಯದಿರಲೆಂದು ಒಳಗೊಂದು ಗಟ್ಟಿ ರಟ್ಟಿನ ತುಂಡನ್ನು ಇರಿಸುವ ಪದ್ಧತಿ ಬಂದಿತು. ಬರಿಯ ರಟ್ಟಿನ ಮೇಲೆ ಚಿತ್ರವೊಂದನ್ನು ಅಚ್ಚುಹಾಕಿ, ಅದಕ್ಕೆ ಕ್ರಮಸಂಖ್ಯೆಯನ್ನೂ ಕೊಟ್ಟರೆ, ಐವತ್ತು ಚಿತ್ರಗಳ ಮಾಲೆಯನ್ನು ಪೂರ್ತಿಗೊಳಿಸುವ ಆಸೆಯಿಂದ ಗಿರಾಕಿಯು ಅದೇ ಪೊಟ್ಟಣವನ್ನು ಮತ್ತೆ ಮತ್ತೆ ಕೊಳ್ಳುವನೆಂಬುದು ವ್ಯಾಪಾರಿಗಳಿಗೆ ಹೊಳೆಯಿತು. ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರು ಹೀಗೆ 1880ರ ದಶಕದಲ್ಲಿಯೇ ಪೊಟ್ಟಣ ಸೇರಿದರು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲ್ಸ್ ಕಂಪನಿಯು 1896ರಲ್ಲಿ ಐವತ್ತು ಕ್ರಿಕೆಟಿಗರ ಮಾಲೆಯೊಂದನ್ನು ಹೊರಡಿಸಿತು. ತಂಬಾಕಿನ ಗುಣಗಾನ ವಿದ್ಯಾಸಂಸ್ಥೆಯ ಸಂಚಿಕೆಗೆ ತಕ್ಕುದಲ್ಲ. ಅದನ್ನು ಆ ಕಾಲದ ಆಟಗಾರರಲ್ಲಿಯೇ ಕೆಲವರು ಒಪ್ಪುತ್ತಿರಲಿಲ್ಲವೆಂದು ಹೇಳುವ ಕಥೆಯೂ ಇದೆ. ಹೋನಸ್ ವ್ಯಾಗ್ನರ್ ಎಂಬ ಅಮೆರಿಕದ ಆಟಗಾರನು 1909ರ ಮಾಲೆಯಿಂದ ತನ್ನ ಚಿತ್ರವನ್ನು ನಿಲ್ಲಿಸಿಬಿಟ್ಟನು. ಮಕ್ಕಳು ಚಿತ್ರದ ಆಸೆಗೆ ತಂಬಾಕು ಕೊಳ್ಳಬಾರದೆಂದು ಹಾಗೆ ಮಾಡಿದನೆಂದು ಕೆಲವರು, ಹಣದ ವಿಚಾರದಲ್ಲಿ ಒಪ್ಪಂದವಾಗಲಿಲ್ಲವೆಂದು ಕೆಲವರು. ಕಾರಣವೇನೇ ಇರಲಿ, ಅಷ್ಟರೊಳಗೆ ಹೊರಬಿದ್ದ ಕೆಲವೇ ಪ್ರತಿಗಳಲ್ಲಿ ಒಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು.

ಆಟವೊಂದಕ್ಕೆ, ಆಟಗಾರನೊಬ್ಬನಿಗೆ ಸ್ವಂತ ದೇಶವೆಂಬುದಿರುತ್ತದೆ. ಕಾರ್ಡುಗಳು ಸಾಮಾನ್ಯವಾಗಿ ಹೊರಡುವುದೂ ಅಲ್ಲಿಂದಲೇ. ಆದರೆ ವೀರನ ಮೊದಲ ಚಿತ್ರವನ್ನು ತೌರೂರೇ ಅಚ್ಚುಹಾಕಬೇಕೆಂಬ ನಿಯಮವಿಲ್ಲ. 1958ರ ವಿಶ್ವ ಫುಟ್‌ಬಾಲ್ ಪಂದ್ಯಗಳು ಸ್ವೀಡನ್ ದೇಶದಲ್ಲಿ ನಡೆದವು. ಬ್ರೆಜಿಲಿನ ಹದಿನೇಳು ವರ್ಷದ ಪೆಲೆ ಆ ಪಂದ್ಯಗಳಲ್ಲಿ ಆರು ಗೋಲು ಹೊಡೆದನು; ಅವುಗಳಲ್ಲಿ ಎರಡು ಅಂತಿಮ ಪಂದ್ಯದಲ್ಲಿ, ಅದೂ ಆತಿಥೇಯರಾದ ಸ್ವೀಡನ್ನರ ವಿರುದ್ಧವೇ. ಅವನ ಆರಂಭಕಾಲದ ಕಾರ್ಡುಗಳಲ್ಲಿ ಇಂದು ಬಹುವಾಗಿ ಅರಸಲ್ಪಡುವುದು ಅದೇ ವರ್ಷ ಸ್ವೀಡನ್ನಿನ ಆಲಿಫಾಬೊಲಾಗೆಟ್ ಎಂಬ ಸಂಸ್ಥೆ ಹೊರಡಿಸಿದ್ದು. ಸೋತವರು ಗೆದ್ದವನ ಚಿತ್ರವನ್ನು ಕಾಪಾಡಿದರೆಂದರೆ ತಪ್ಪಾಗದು. ಮುಂದೆ ಮುಹಮ್ಮದ್ ಅಲಿ ಎಂದು ಲೋಕಪ್ರಸಿದ್ಧನಾದ ಕ್ಯಾಷಿಯಸ್ ಕ್ಲೇ 1960ರ ರೋಮ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದಾಗ, ಅವನ ಕಾರ್ಡನ್ನು ಹೊರಡಿಸಿದ್ದೂ ಸ್ವೀಡನ್ನಿನ ಪತ್ರಿಕೆಯೊಂದೇ.

ಇದು ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ವಿಚಿತ್ರವೆನಿಸದು. ಪೊಳಲಿಗೆ ಚೆಂಡನ್ನು ಕಳುಹಿಸುವ ಮೂಡುಬಿದಿರೆಯಲ್ಲಿಯೇ ಇದರ ಬಹು ದೊಡ್ಡ ನಿದರ್ಶನವಿದೆ. ಪ್ರಾಕೃತದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ ಧವಲಾ ಟೀಕೆಯ ಪ್ರಾಚೀನ ಪ್ರತಿಗಳು ಬೇರೆಡೆ ಲುಪ್ತವಾದರೂ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮೂಡುಬಿದಿರೆಯ ಬಸದಿಯೊಳಗೆ ಉಳಿದುವು. 1939ರಿಂದ ಮುಂದಕ್ಕೆ ಲೋಕವು ಅವುಗಳನ್ನು ಮುದ್ರಣದಲ್ಲಿ ಕಂಡಿತು. ಗ್ರಂಥದ ಭಾಷೆ ಒಂದು, ಲಿಪಿ ಇನ್ನೊಂದು, ಉಳಿದ ನೆಲ ಮತ್ತೊಂದು. ಸಿಗರೇಟು ಚೀಟಿಯನ್ನು ಧವಲೆಯೊಡನೆ ಸರಿದೂಗಿಸುವ ಅವಿನಯ ಇಲ್ಲಿಲ್ಲ. ಪ್ರತ್ಯಂತರವನ್ನು ಅರಸುವವನು ಮೂಲದ ಊರೊಂದನ್ನೇ ನಂಬಿ ಕುಳಿತುಕೊಳ್ಳಲಾರನೆಂಬಷ್ಟೇ ಮಾತು.

ನಮ್ಮ ನಾಡಿಗೆ ಸಂಬಂಧಪಟ್ಟ ಪ್ರಕರಣವೂ ಉಂಟು. ಅದನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಬೆಂಗಳೂರಿನ ದಂಡುಪ್ರದೇಶವು 1809ರಿಂದ ಬ್ರಿಟಿಷ್ ಸೈನ್ಯದ ನೆಲೆಯಾಗಿತ್ತು. ವಿಲ್ಸ್ ಕಂಪನಿಯ ‘ಸಿಸರ್ಸ್’ ಎಂಬ ಸಿಗರೇಟು, ನಮ್ಮ ಜನರ ಬಾಯಲ್ಲಿ ಕತ್ತರಿ ಸಿಗರೇಟು, ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳಿಗೆ ಬಹು ಪ್ರಿಯವಾಗಿತ್ತು. ಮೊದಲನೆಯ ಮಹಾಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ಆ ಪೊಟ್ಟಣಗಳಿಗಾಗಿಯೇ ಪ್ರತ್ಯೇಕ ಕಾರ್ಡುಮಾಲೆಗಳು ಹೊರಟುವು: ಮುಷ್ಟಿಮಲ್ಲರು, ಫುಟ್‌ಬಾಲ್ ಆಟಗಾರರು, ಕುದುರೆ ಸವಾರರು, ಭಾರತೀಯ ಪಲ್ಟನುಗಳು. ಅದೇ ಕಾಲದಲ್ಲಿ, 1910ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಇಂಪೀರಿಯಲ್ ಟೊಬ್ಯಾಕೊ ಕಂಪನಿಯು 1913ರಲ್ಲಿ ಬೆಂಗಳೂರಿನಲ್ಲಿ ಸಿಗರೇಟು ಕಾರ್ಖಾನೆಯನ್ನು ತೆರೆಯಿತು. ಊರಿನಿಂದ ಸಾವಿರಾರು ಮೈಲಿ ದೂರದ ಬಿಸಿಲಿನಲ್ಲಿ ಕವಾಯತು ಮಾಡುತ್ತಿದ್ದ ಲ್ಯಾಂಕಾಷೈರಿನ ಹುಡುಗನಿಗೆ, ತನ್ನೂರಿನ ತಂಡದ ಆಟಗಾರನ ಮುಖವು ಅಂಗೈಯಲ್ಲಿ ದೊರೆತಾಗ ಏನೆನಿಸಿತೆಂಬುದನ್ನು ಊಹಿಸಬಹುದು. ಹೀಗೆ ಇಂಗ್ಲೆಂಡಿನ ಆಟಗಾರರ ಚಿತ್ರಗಳು ಭಾರತದ ಪೇಟೆಯಲ್ಲಿ ಹಂಚಲ್ಪಟ್ಟುವು. ಇಂದು ಇಂಗ್ಲೆಂಡಿನ ಸಂಗ್ರಾಹಕರು ಈ ‘ಸಿಸರ್ಸ್’ ಮಾಲೆಗಳನ್ನು ಹೊರನಾಡಿನ ಪ್ರಕಟಣೆಗಳೆಂದು ಬೇರೆಯಾಗಿಯೇ ಪಟ್ಟಿಮಾಡುತ್ತಾರೆ. ಸಿಪಾಯಿಯು ದಂಡಿನಿಂದ ದಂಡಿಗೆ ಸಾಗುವವನು. ಯುದ್ಧ ಬಂದ ಮೇಲೆ ಎಲ್ಲಿಯೋ ಮಡಿಯುವವನು. ಅವನ ಜೇಬಿನ ರಟ್ಟು ಉಳಿದರೆ ಅದೇ ಭಾಗ್ಯ.

ಇದರ ಪ್ರತಿಬಿಂಬವೆಂಬಂತೆ ಕಾಠಿಯಾವಾಡದ ರಣಜಿತ್‌ಸಿಂಹರ ಚಿತ್ರವು ಇಂಗ್ಲೆಂಡಿನ ಸಿಗರೇಟು ಕಾರ್ಡುಗಳನ್ನೇರಿತು. ಅವರು 1896ರಲ್ಲಿ ಮ್ಯಾಂಚೆಸ್ಟರಿನ ಟೆಸ್ಟ್ ಪಂದ್ಯದಲ್ಲಿ ಇಂಗ್ಲೆಂಡಿನ ಪರವಾಗಿ ಔಟಾಗದೆ 154 ಓಟಗಳನ್ನು ಗಳಿಸಿದವರು. ಭಾರತವು ಮೊದಲ ಟೆಸ್ಟ್ ಆಡಿದುದು 1932ರಲ್ಲಿ. ಅಂದರೆ ಭಾರತೀಯ ಕ್ರಿಕೆಟಿಗನ ಮುಖವು ಭಾರತೀಯ ತಂಡ ಹುಟ್ಟುವ ಮುನ್ನವೇ ಪರದೇಶದ ರಟ್ಟಿನಲ್ಲಿ ಮೂಡಿತ್ತು.

ಹೊರನಾಡಿನ ಕಾರ್ಡನ್ನು ಗುರುತಿಸುವ ಬಗೆಯೇನು? ಮುಂಭಾಗವು ಬಹಳ ಸಲ ಮೋಸಮಾಡುತ್ತದೆ. ಹಿಂಭಾಗವು ನಿಜ ಹೇಳುತ್ತದೆ. ಅಮೆರಿಕದ ಟಾಪ್ಸ್ ಕಂಪನಿಯ ಬೇಸ್‌ಬಾಲ್ ಚಿತ್ರಗಳನ್ನೇ ಕೆನಡಾದ ಓ-ಪೀ-ಚೀ ಕಂಪನಿಯು ಅಚ್ಚುಹಾಕುತ್ತಿದ್ದಾಗ, 1970ರ ದಶಕದ ಅದರ ಕಾರ್ಡುಗಳ ಬೆನ್ನಿನಲ್ಲಿ ಇಂಗ್ಲಿಷಿನ ಜೊತೆಗೆ ಫ್ರೆಂಚ್ ಬರೆಹವೂ ಇರುತ್ತದೆ. ವೆನೆಜುವೆಲಾ ದೇಶಕ್ಕಾಗಿ 1960ರ ದಶಕದಲ್ಲಿ ಹೊರಟ ಕೆಲವು ಮಾಲೆಗಳಲ್ಲಿ ಹಿಂಬರೆಹವು ಸ್ಪ್ಯಾನಿಷ್. ಆ ಕಾರ್ಡುಗಳನ್ನು ಮಕ್ಕಳು ಅಂಟು ಬಳಿದು ಆಲ್ಬಮ್ಮಿನಲ್ಲಿ ಮೆತ್ತಿಬಿಟ್ಟರು. ಮುಂದೆ ಕಿತ್ತಾಗ ಬೆನ್ನಿನ ಬರೆಹವೇ ಹರಿದುಹೋಯಿತು. ಆದುದರಿಂದ ಬೆನ್ನು ಉಳಿದ ಪ್ರತಿ ದುರ್ಲಭ. ಮಂಜಿನ ಮೇಲಿನ ಹಾಕಿಯ ವಿಚಾರದಲ್ಲಿ ಸಂಗತಿ ತಿರುಗುಮುರುಗು. ಆ ಆಟದ ತೌರು ಕೆನಡಾ. ಆದಕಾರಣ ವೇನ್ ಗ್ರೆಟ್ಸ್ಕಿಯ 1979ರ ಕಾರ್ಡಿನಲ್ಲಿ, ಅಂಚು ಒರಟಾಗಿ ಕತ್ತರಿಸಲ್ಪಟ್ಟ ಕೆನಡಾ ಪ್ರತಿಗೇ ನಯವಾದ ಅಮೆರಿಕ ಪ್ರತಿಗಿಂತ ಬೆಲೆ ಹೆಚ್ಚು. ಹೊರನಾಡಿನದೆಲ್ಲ ಹೊನ್ನೆಂದು ಭ್ರಮಿಸುವವರು ಇದನ್ನು ನೆನೆಯುವುದೊಳ್ಳೆಯದು.

ಇತ್ತ ನಮ್ಮ ಮಕ್ಕಳ ಜೇಬಿನ ಕಥೆ. 1987ರಲ್ಲಿ ಭಾರತದಲ್ಲಿ ಮತ್ತು ಪಾಕಿಸ್ತಾನದಲ್ಲಿ ವಿಶ್ವಕಪ್ ಕ್ರಿಕೆಟ್ ನಡೆದ ಸುಮಾರಿಗೆ ಬಿಗ್ ಫನ್ ಎಂಬ ಬಬಲ್ ಗಮ್ಮಿನೊಡನೆ ಕ್ರಿಕೆಟಿಗರ ಪುಟ್ಟ ಚಿತ್ರಗಳು ಬಂದುವು. ಅವುಗಳಲ್ಲಿ ಇಂಗ್ಲೆಂಡಿನವರೂ ವೆಸ್ಟ್ ಇಂಡೀಸಿನವರೂ ಇದ್ದರು, ಅಚ್ಚಾದುದು ನಮ್ಮಲ್ಲಿ. 1990ರ ದಶಕದಲ್ಲಿ ಅಮೆರಿಕದ ಕುಸ್ತಿಮಲ್ಲರ ‘ಟ್ರಂಪ್ ಕಾರ್ಡು’ಗಳು ಹಳ್ಳಿಯ ಬೀಡಾ ಅಂಗಡಿಯವರೆಗೂ ತಲುಪಿದುವು. ಎತ್ತರ, ತೂಕ, ಎದೆಯ ಸುತ್ತಳತೆ, ಗೆದ್ದ ಕುಸ್ತಿ ಎಂದು ಅಂಕಿಗಳನ್ನು ಕೂಗಿ, ಹೆಚ್ಚಿನವನು ಕಡಮೆಯವನ ಕಾರ್ಡನ್ನು ಗೆಲ್ಲುವ ಆಟವದು. ಅನೇಕವು ಯಾರ ಅನುಮತಿಯನ್ನೂ ಬೇಡದೆ, ಮುದ್ರಕನ ಹೆಸರೂ ಇಲ್ಲದೆ ಹೊರಟುವು; ಕಾಗದ ಕಳಪೆ, ಹೆಸರುಗಳ ಕಾಗುಣಿತವಂತೂ ಪಂಡಿತರಿಗೆ ತಲೆನೋವು. ಆದರೆ ‘ಸಿಸರ್ಸ್’ ಕಾರ್ಡು ಇಂಗ್ಲಿಷರಿಗೆ ಹೇಗೋ ಹಾಗೆಯೇ ಇವು ಅಮೆರಿಕದವರಿಗೆ ಹೊರನಾಡಿನ ಪ್ರಕಟಣೆಗಳೇ ಸರಿ.

ಅವುಗಳಿಗೆ ಶತ್ರುಗಳು ಇಬ್ಬರು: ಗೆದ್ದಲು ಮತ್ತು ಉಪಾಧ್ಯಾಯರು. ಪಾಠದ ನಡುವೆ ಸಿಕ್ಕಿಬಿದ್ದ ಕಟ್ಟುಗಳನ್ನು ಕಿತ್ತು ಒಲೆಗೆ ಹಾಕಿದವರುಂಟು, ಕಿಟಕಿಯಿಂದ ಎಸೆದವರುಂಟು. ಶಿಸ್ತಿನ ದೃಷ್ಟಿಯಿಂದ ಅದು ತಪ್ಪೆನ್ನಲಾಗದು. ಹಾಗಿದ್ದರೂ ಮೇಜಿನ ಖಾನೆಯಲ್ಲಿ ಹಾಕಿ ಮರೆತವರೇ ಇತಿಹಾಸಕ್ಕೆ ಹೆಚ್ಚು ಉಪಕಾರ ಮಾಡಿದರು. ಮಗುವಿನ ಕೈಯಲ್ಲಿ ಸವೆದುಹೋಗಬೇಕಾಗಿದ್ದ ಕಾರ್ಡು ಬೀಗದ ಕಪಾಟಿನಲ್ಲಿ ಹೊಸದರಂತೆ ಉಳಿಯಿತು. ಹಳೆಯ ಶಾಲೆಗಳ ಕಪಾಟುಗಳನ್ನು ಸುಣ್ಣಬಣ್ಣದ ಸಮಯದಲ್ಲಿ ಬರಿದುಮಾಡುವಾಗ, ಹಾಜರಿಪಟ್ಟಿಗಳ ನಡುವೆ ಇಂಥ ಕಟ್ಟು ಸಿಕ್ಕಿದರೆ, ಗುಡಿಸುವವರ ಬುಟ್ಟಿಗೆ ಹಾಕುವ ಮುನ್ನ ಒಮ್ಮೆ ತಿರುಗಿಸಿ ನೋಡತಕ್ಕದ್ದು.

ಬೆಲೆಯ ಸುದ್ದಿ ಕೇಳಿ ಆತುರಪಡುವವರಿಗೆ ಒಂದು ಎಚ್ಚರಿಕೆ. 1952ರ ಮಿಕ್ಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 126 ಲಕ್ಷ ಡಾಲರಿಗೆ ಹೋದುದು ನಿಜ. ಆದರೆ ಅದರ ಮೂಲೆ, ಅಂಚು, ಮೈ ಎಲ್ಲವೂ ಅಕ್ಷತವಾಗಿದ್ದುವು. ಸಾಮಾನ್ಯ ಸಿಗರೇಟು ಕಾರ್ಡಿಗೆ ಕೆಲವೇ ನೂರು ರೂಪಾಯಿ ಬಂದರೂ ಬಂದೀತು. ಮೇಲಾಗಿ ಹಳೆಯ ಮಾಲೆಗಳನ್ನು ಹೊಸದಾಗಿ ಅಚ್ಚುಹಾಕಿದ ಪ್ರತಿಗಳು ಬಹಳ. ಭೂತಗನ್ನಡಿಯಿಂದ ನೋಡಿದಾಗ ಹಳೆಯ ಕಲ್ಲಚ್ಚಿನ ಬಣ್ಣವು ಕ್ರಮವಿಲ್ಲದ ಚುಕ್ಕೆಗಳಾಗಿ ಹರಡಿರುತ್ತದೆ. ಈಚಿನ ಮುದ್ರಣದಲ್ಲಿ ಚುಕ್ಕೆಗಳು ಸಾಲುಸಾಲಾಗಿ ಜೋಡಿಸಿದಂತೆ ಕಾಣುತ್ತವೆ. ಅತಿನೇರಳೆ ದೀಪದ ಕೆಳಗೆ ಈಚಿನ ಕಾಗದಗಳಲ್ಲಿ ಹೆಚ್ಚಿನವು ನೀಲಿಯಾಗಿ ಹೊಳೆಯುತ್ತವೆ. ಯುದ್ಧಪೂರ್ವದ ಕಾಗದ ಮಂಕಾಗಿರುತ್ತದೆ. ಬ್ರಿಟನ್ನಿನಲ್ಲಿ ಕಾಗದದ ಅಭಾವದಿಂದ 1940ರಲ್ಲಿ ಸಿಗರೇಟು ಕಾರ್ಡುಗಳು ನಿಂತುಹೋದುವು. ಅದರ ಅನಂತರದ ವರ್ಷವನ್ನು ಹೇಳಿ ಮಾರುವವರನ್ನು ಎರಡು ಪ್ರಶ್ನೆ ಹೆಚ್ಚಾಗಿ ಕೇಳಬೇಕು.

ಕರಾವಳಿಯ ಮಳೆಗಾಲವು ಕಾಗದಕ್ಕೆ ಕಂಟಕ. ತಾಳೆಗರಿಗೆ ಎಣ್ಣೆ ಸವರುವಂತೆ ಇದಕ್ಕೆ ಸವರಬಾರದು. ಲ್ಯಾಮಿನೇಷನ್ ಮಾಡಿಸಿದರೆ ಕಾರ್ಡು ಮತ್ತೆ ಕಾರ್ಡಾಗುವುದಿಲ್ಲ. ಅಗ್ಗದ ಮೃದು ಪ್ಲಾಸ್ಟಿಕ್ ಚೀಲಗಳು ಕೆಲವು ವರ್ಷಗಳಲ್ಲಿ ಜಿಗುಟಾಗಿ ಬಣ್ಣವನ್ನು ಎಳೆಯುತ್ತವೆ. ಪಾಲಿಯೆಸ್ಟರ್ ಹೊದಿಕೆ ಕ್ಷೇಮ. ರಬ್ಬರ್ ಬ್ಯಾಂಡು ಹಾಕಿದರೆ ಅಂಚಿನಲ್ಲಿ ಕಚ್ಚು ಬೀಳುತ್ತದೆ. ಒಣ ಜಾಗದಲ್ಲಿ, ಗೋಡೆಗೆ ತಾಗದಂತೆ, ಬಿಸಿಲು ಬೀಳದ ಕಪಾಟಿನಲ್ಲಿ ಇರಿಸಿ, ವರ್ಷಕ್ಕೊಮ್ಮೆ ಮಳೆ ಬಿಟ್ಟ ಮೇಲೆ ತೆರೆದು ನೋಡಬೇಕು. ಜೊತೆಗೊಂದು ಚೀಟಿಯಲ್ಲಿ ಕಾರ್ಡು ಯಾವ ಊರಿನಲ್ಲಿ, ಯಾರ ಮನೆಯಲ್ಲಿ, ಯಾವ ಸಾಮಾನಿನ ನಡುವೆ ದೊರೆಯಿತೆಂದು ಬರೆದಿಡಬೇಕು. ಕಾರ್ಡಿನ ಬೆನ್ನಿನ ಮೇಲೆ ಮಾತ್ರ ಪೆನ್ಸಿಲಿನಿಂದಲೂ ಏನನ್ನೂ ಬರೆಯಕೂಡದು.