ಚಪ್ಪೆರೋಗದ ಜೀವಿವಿಷ

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳು ದೇವಣಿ ತಳಿಯ ದನಗಳ ತವರುಸೀಮೆಗೆ ಸೇರಿದವು. ಮೃಗಶಿರೆಯ ಮಳೆ ಬಿದ್ದು ಹೊಸ ಹುಲ್ಲು ಚಿಗುರಿದ ಮೇಲೆ ಇಂತಹ ದನಗಾಹಿ ಸೀಮೆಗಳ ಒಕ್ಕಲುಮಕ್ಕಳು ಅಂಜಬೇಕಾದ ರೋಗಗಳಲ್ಲಿ ಚಪ್ಪೆರೋಗವೂ ಒಂದು. ಮರಾಠಿ ಭಾಷಿಕರು ಇದನ್ನೇ 'ಫರ್ಯಾ' ಎನ್ನುತ್ತಾರೆ. ಸಂಜೆ ಮೇದು ಬಂದ ಹೋರಿಗರು ಮರುದಿನ ಕುಂಟುತ್ತದೆ. ತೊಡೆಯ ಅಥವಾ ಹೆಗಲಿನ ಮಾಂಸಖಂಡ ಊದಿಕೊಳ್ಳುತ್ತದೆ. ಮೊದಲು ಬಿಸಿಯಾಗಿದ್ದು ನೋಯುತ್ತಿದ್ದ ಬಾವು ಬರಬರುತ್ತ ತಣ್ಣಗಾಗಿ ಮರಗಟ್ಟುತ್ತದೆ. ಒತ್ತಿ ನೋಡಿದರೆ ಒಣಗಿದ ಎಲೆಯನ್ನು ಹಿಸುಕಿದಂತೆ ಚರಚರ ಸದ್ದು. ಬಹುಪಾಲು ಒಂದೆರಡು ದಿನಗಳಲ್ಲಿ ಪ್ರಾಣ ಹೋಗುತ್ತದೆ.

ಹೀಗೆ ಸಾಯುವುದು ಬಡಕಲು ದನವಲ್ಲ. ಆರು ತಿಂಗಳಿಂದ ಎರಡು ವರ್ಷದೊಳಗಿನ, ಚೆನ್ನಾಗಿ ಮೇದು ಮೈತುಂಬಿಕೊಂಡ ಕರುವೇ, ಎಂದರೆ ಮುಂದೆ ನೊಗಕ್ಕೆ ಹೂಡಬೇಕೆಂದು ಮನೆಯವರು ಅಕ್ಕರೆಯಿಂದ ಸಾಕಿದ್ದೇ, ಹೆಚ್ಚಾಗಿ ಬಲಿಯಾಗುತ್ತದೆ. ದೃಷ್ಟಿ ತಾಗಿತೆಂದು ಹಳ್ಳಿಯವರು ಮರುಗಿದರೆ ಅದರಲ್ಲಿ ಅಚ್ಚರಿಪಡುವಂಥದೇನೂ ಇಲ್ಲ. ಇದರ ನಿಜವಾದ ಕಾರಣವನ್ನು ವಿದ್ಯಾರ್ಥಿಗಳಿಗೆ ತಿಳಿಯುವಂತೆ ವಿವರಿಸಲು ಇಲ್ಲಿ ಯತ್ನಿಸುತ್ತೇವೆ.

ರೋಗಕಾರಕ ಏಕಾಣುಜೀವಿಯ ಹೆಸರು ಕ್ಲಾಸ್ಟ್ರಿಡಿಯಂ ಶೋವಿಯೈ. ಫ್ರಾನ್ಸಿನ ಪಶುವೈದ್ಯ ವಿಜ್ಞಾನಿ ಒಗುಸ್ತ್ ಶೋವೋ (1827–1917) ಅವರ ಗೌರವಾರ್ಥ ಇಟ್ಟ ಹೆಸರಿದು. ಆಮ್ಲಜನಕವಿರುವೆಡೆಯಲ್ಲಿ ಇದು ಬೆಳೆಯಲಾರದು. ಆದರೆ ಗಟ್ಟಿ ಕವಚದ ಬೀಜಕಣವಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಮೇವಿನೊಡನೆ ಹೊಟ್ಟೆ ಸೇರಿದ ಬೀಜಕಣಗಳು ಕರುಳಿನಿಂದ ರಕ್ತಕ್ಕೆ ದಾಟಿ ಸ್ನಾಯುಗಳನ್ನು ತಲಪಿ ಅಲ್ಲಿ ಸುಪ್ತವಾಗಿರುತ್ತವೆ. ಅವನ್ನು ಹೊತ್ತೊಯ್ಯುವುದು ದೇಹವನ್ನು ಕಾಯಬೇಕಾದ ಭಕ್ಷಕ ಕೋಶಗಳೇ ಇರಬಹುದೆಂಬ ಊಹೆಯೂ ಈಚೆಗೆ ಬಲಗೊಂಡಿದೆ. ಕರು ಗುದ್ದಾಡಿಯೋ ಜಾರಿ ಬಿದ್ದೋ ಸ್ನಾಯು ಜಜ್ಜಿದಾಗ ಆ ಭಾಗಕ್ಕೆ ರಕ್ತಸಂಚಾರ ಕುಗ್ಗಿ, ಆಮ್ಲಜನಕ ಇಳಿದು, ಬೀಜಕಣ ಮೊಳೆಯುತ್ತದೆ. ಹೊರಗೆ ಗಾಯವೇ ಬೇಕಿಲ್ಲ. ಕುರಿಗಳ ವಿಷಯ ಬೇರೆ. ಅವುಗಳಲ್ಲಿ ಉಣ್ಣೆ ಕತ್ತರಿಸುವಾಗ ಆದಂತಹ ಗಾಯವೇ ಸಾಮಾನ್ಯವಾಗಿ ರೋಗದ ಬಾಗಿಲು.

ಮೊಳೆತ ಏಕಾಣು ಸ್ನಾಯುವನ್ನು ತಿಂದು ಮುಗಿಸುವುದೆಂದು ಭಾವಿಸುವುದು ತಪ್ಪು. ಕೆಡುಕೆಲ್ಲ ನಡೆಯುವುದು ಅದು ಹೊರಸೂಸುವ ವಿಷವಸ್ತುಗಳಿಂದ. ವಿಷವೆಂಬುದು ಕೋಶದಲ್ಲಿ ನಿರ್ದಿಷ್ಟವಾದ ಒಂದು ಕೆಲಸವನ್ನು ಮಾಡುವ ಪದಾರ್ಥ ಎಂಬ ಅರಿವು ತೀರ ಹಳೆಯದಲ್ಲ. ಇದೇ ಕುಲದ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನ ಆಲ್ಫ ವಿಷವು ಕೋಶಪೊರೆಯ ಲೆಸಿತಿನ್ನನ್ನು ಒಡೆಯುವ ಕಿಣ್ವವೆಂದು ಮ್ಯಾಕ್‌ಫರ್ಲೇನ್ ಮತ್ತು ನೈಟ್ ತೋರಿಸಿದ್ದು 1941ರಲ್ಲಿ. ಚಪ್ಪೆರೋಗದ ಮುಖ್ಯ ವಿಷ ಯಾವುದೆಂಬುದು ಗೊತ್ತಾಗಲು 2012ರವರೆಗೆ ಕಾಯಬೇಕಾಯಿತು. ಆ ವರ್ಷ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾನಿಲಯದ ಫ್ರೈ ಮತ್ತು ಸಂಗಡಿಗರು ಅದನ್ನು ಗುರುತಿಸಿ 'ಸಿಸಿಟಿಎ' ಎಂದು ಹೆಸರಿಟ್ಟರು.

ಸಿಸಿಟಿಎ ಒಂದು ಪ್ರೋಟೀನು. ಕೋಶಪೊರೆಯಲ್ಲಿ ರಂಧ್ರ ಕೊರೆಯುವ ವಿಷಗಳ ವಂಶಕ್ಕೆ ಸೇರಿದ್ದು. ಈ ವಂಶದ ಪ್ರಸಿದ್ಧ ಸದಸ್ಯ ಸ್ಟಫಿಲೊಕಾಕಸ್‌ನ ಆಲ್ಫ ವಿಷ. ಅದರ ಆಕಾರ 1996ರಲ್ಲಿ ಸ್ಪಷ್ಟವಾದಾಗ, ಏಳು ಅಣುಗಳು ಉಂಗುರವಾಗಿ ಕೂಡಿ, ಅಣಬೆಯ ಕಾಂಡದಂತಹ ಟೊಳ್ಳು ನಳಿಕೆಯನ್ನು ಪೊರೆಯೊಳಕ್ಕೆ ಇಳಿಸುವುದು ಕಂಡುಬಂದಿತು. ಜೀವಕೋಶವು ತನ್ನೊಳಗೆ ಪೊಟ್ಯಾಸಿಯಮ್ಮನ್ನು ಕೂಡಿಟ್ಟು ಕ್ಯಾಲ್ಸಿಯಮ್ಮನ್ನು ಹೊರಗಿರಿಸಿಯೇ ಬದುಕುವಂಥದು. ಗೋಡೆಗೆ ತೂತು ಬಿದ್ದೊಡನೆ ಆ ವ್ಯತ್ಯಾಸ ಅಳಿಯುತ್ತದೆ. ನೀರು ನುಗ್ಗಿ ಕೋಶ ಉಬ್ಬಿ ಬಿರಿಯುತ್ತದೆ. ಸಿಸಿಟಿಎ ಕೆಂಪು ರಕ್ತಕಣಗಳನ್ನು ಒಡೆಯುವುದಲ್ಲದೆ ದೇಹದ ಇತರ ಕೋಶಗಳನ್ನೂ ಕೊಲ್ಲುತ್ತದೆ. ರಕ್ಷಣೆಗೆಂದು ಧಾವಿಸುವ ಬಿಳಿಯ ಕಣವೂ ಪೊರೆಯುಳ್ಳ ಕೋಶವೇ ತಾನೆ? ಸಾಮಾನ್ಯ ಬಾವಿನಲ್ಲಿ ಕೀವು ತುಂಬುವುದು ಬಿಳಿಯ ಕಣಗಳು ಮುತ್ತಿ ಹೋರಾಡಿದ ಗುರುತು. ಚಪ್ಪೆರೋಗದ ಬಾವನ್ನು ಕೊಯ್ದರೆ ಕೀವಿಲ್ಲ. ಹಳಸಿದ ಬೆಣ್ಣೆಯ ವಾಸನೆಯ, ವಾಯುಗುಳ್ಳೆಗಳಿಂದ ಕೂಡಿದ ಕಪ್ಪು ಸ್ನಾಯು ಮಾತ್ರ.

ಉಳಿದ ಕಿಣ್ವಗಳು ಇದಕ್ಕೆ ಒತ್ತಾಸೆ. ಹಯಲುರೊನಿಡೇಸ್ ಕೋಶಗಳ ನಡುವಣ ಗಾರೆಯನ್ನು ಕರಗಿಸಿ ವಿಷಕ್ಕೆ ದಾರಿ ಬಿಡಿಸುತ್ತದೆ. ಸಯಲಿಡೇಸ್ ಕೋಶದ ಮೇಲ್ಮೈಯ ಸಕ್ಕರೆಯ ಹೊದಿಕೆಯನ್ನು ಸುಲಿಯುತ್ತದೆ. ಏಕಾಣುವಿನ ಹುದುಗುವಿಕೆಯಿಂದ ಹುಟ್ಟುವ ಅನಿಲವೇ ಆ ಚರಚರ ಸದ್ದು.

ಪುಷ್ಟವಾದ ಕರುವನ್ನೇ ರೋಗ ಹಿಡಿಯುವುದೇಕೆ? ಭರದಿಂದ ಬೆಳೆಯುವ ಸ್ನಾಯುವಿನಲ್ಲಿ ಗ್ಲೈಕೊಜನ್ ಹೇರಳವಾಗಿರುವುದು ಏಕಾಣುವಿಗೆ ಅನುಕೂಲವೆಂದು ಹೇಳುವುದುಂಟು. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಆರು ತಿಂಗಳ ಹೊತ್ತಿಗೆ ಸವೆದಿರುತ್ತದೆಂಬ ಕಾರಣ ನಮಗೆ ಹೆಚ್ಚು ತೃಪ್ತಿಕರವಾಗಿ ತೋರುತ್ತದೆ.

ಚಿಕಿತ್ಸೆಯ ಮಿತಿಯೂ ಈಗ ಅರ್ಥವಾದೀತು. ಪೆನಿಸಿಲಿನ್ ಏಕಾಣುವನ್ನು ಕೊಲ್ಲುತ್ತದೆ. ಆಗಲೇ ಹೊರಬಿದ್ದ ವಿಷವನ್ನಾಗಲಿ ಸತ್ತ ಸ್ನಾಯುವನ್ನಾಗಲಿ ಅದು ಮುಟ್ಟದು. ಕುಂಟು ಕಂಡ ಗಳಿಗೆಯಲ್ಲೇ ಕೊಟ್ಟರೆ ಫಲವುಂಟು, ಬಾವು ತಣ್ಣಗಾದ ಮೇಲೆ ಇಲ್ಲ. ಆದುದರಿಂದ ಲಸಿಕೆಯೇ ದಾರಿ. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ಇದನ್ನು ತಯಾರಿಸುತ್ತಾರೆ. ಫಾರ್ಮಾಲಿನ್ನಿನಿಂದ ಏಕಾಣು ಸಾಯುತ್ತದೆ, ವಿಷದ ಹಲ್ಲು ಮುರಿಯುತ್ತದೆ, ಅದರ ಗುರುತು ಮಾತ್ರ ಉಳಿಯುತ್ತದೆ. ಆ ಗುರುತನ್ನು ಕಂಡ ದೇಹ ಪ್ರತಿವಿಷವನ್ನು ಸಿದ್ಧಪಡಿಸಿಕೊಳ್ಳುತ್ತದೆ. ಸಿಸಿಟಿಎಯನ್ನು ಮತ್ತೊಂದು ಪ್ರೋಟೀನಿನೊಡನೆ ಬೆಸೆದು ಚುಚ್ಚಿದ ಗಿನಿಯಿಲಿಗಳು ಬೀಜಕಣದ ಸೋಂಕನ್ನು ಗೆದ್ದು ಉಳಿದದ್ದನ್ನು ಬರ್ನ್‌ನವರ ಪ್ರಯೋಗ ತೋರಿಸಿತು. ರಕ್ಷಣೆ ಮೂಡಲು ಎರಡು ಮೂರು ವಾರ ಬೇಕು. ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಬಳಿಯುವ ಹೊತ್ತಿಗೆ ಕರುಗಳಿಗೆ ಚುಚ್ಚುಮದ್ದು ಆಗಿಯೇ ಇರಬೇಕು.

ಸತ್ತ ದನದ ತೊಗಲನ್ನು ಸುಲಿಯುವುದು ಮಾತ್ರ ಕೂಡದು. ಹಠಾತ್ತಾಗಿ ಸತ್ತದ್ದು ನೆರಡಿ ರೋಗದಿಂದಲೂ ಇರಬಹುದು, ಅದು ಮನುಷ್ಯರನ್ನೂ ಕೊಲ್ಲುತ್ತದೆ. ಚಪ್ಪೆರೋಗವೇ ಆಗಿದ್ದರೂ ಹರಿದ ಸ್ನಾಯುವಿನಿಂದ ಚೆಲ್ಲಿದ ಬೀಜಕಣಗಳು ಅದೇ ಹುಲ್ಲುಗಾವಲಿಗೆ ಸೇರುತ್ತವೆ. ಪಶುವೈದ್ಯರಿಗೆ ತಿಳಿಸಿ, ಆಳವಾದ ಗುಂಡಿ ತೋಡಿ, ಸುಣ್ಣ ಸುರಿದು, ಇಡಿಯಾಗಿ ಹೂಳಬೇಕು.